ಮೊರದ ಮೇಲೆ ಮಾತ್ರೆ: ನೋವಿಗೆ ನಾಲ್ಕಾರು ಔಷಧಿ ತೆಗೆದುಕೊಳ್ಳುವವರಿಗೆ

ಇವತ್ತು ಸಂಜೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಅಡುಗೆಮನೆಯಿಂದ ಒಂದು ಮೊರ ತನ್ನಿ, ಇಲ್ಲದಿದ್ದರೆ ದೊಡ್ಡ ತಟ್ಟೆಯಾದರೂ ಸಾಕು. ಮನೆಯಲ್ಲಿರುವ ನಿಮ್ಮ ಔಷಧಿಯನ್ನೆಲ್ಲಾ ಅದಕ್ಕೆ ಸುರಿಯಿರಿ. ಫ್ರಿಜ್ ಮೇಲಿನ ಡಬ್ಬಿ, ಟಿವಿ ಪಕ್ಕದ ಕವರು, ಬ್ಯಾಗಿನ ಮೂಲೆ, ರಾತ್ರಿ ನೋವು ಬಂದರೆ ಇರಲಿ ಎಂದು ದಿಂಬಿನ ಕೆಳಗೆ ಇಟ್ಟುಕೊಂಡ ಎರಡು ಮಾತ್ರೆ. ಯಾವುದನ್ನೂ ಬಿಡಬೇಡಿ.

ನಾನು ಇದನ್ನು ಕಲಿತದ್ದು ಆಸ್ಪತ್ರೆಯ ಮಂಚದ ಮೇಲೆ. ನಾನು ಮಂಡ್ಯದವಳು. ಹನ್ನೊಂದು ವರ್ಷದಿಂದ ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುವಾತ ಇದೆ. ಬೆರಳು, ಮಣಿಕಟ್ಟು, ಮಂಡಿ ಎಲ್ಲಾ ನೋವು. ಜೊತೆಗೆ ಬಿಪಿ, ಥೈರಾಯ್ಡ್, ಸೊಂಟದಿಂದ ಕಾಲಿಗೆ ಇಳಿಯುವ ನರದ ಎಳೆತ. ಕೀಲಿಗೆ ಮೈಸೂರಿನ ಡಾಕ್ಟರು, ಬಿಪಿಗೆ ಮಂಡ್ಯದ ಡಾಕ್ಟರು, ಜ್ವರ ನೆಗಡಿಗೆ ನಮ್ಮ ಬೀದಿಯ ಕ್ಲಿನಿಕ್. ಒಂದು ಬೇಸಿಗೆಯಲ್ಲಿ ಹಲ್ಲುನೋವು ಬಂತು. ಹಲ್ಲಿನ ಡಾಕ್ಟರು ಐದು ದಿನದ ಮಾತ್ರೆ ಬರೆದರು. ಬೇರೆ ಏನು ತಗೋತೀರಾ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೀಲಿನ ನೋವಿನ ಮಾತ್ರೆಯೂ ನಡೆದಿತ್ತು, ಇದೂ ಸೇರಿತು. ಬಿಪಿ ಮಾತ್ರೆಯೊಳಗೆ ಮೂತ್ರ ಜಾಸ್ತಿ ಹೋಗಿಸುವ ಔಷಧಿ ಬೇರೆ ಇತ್ತು. ನಡುವೆ ಎರಡು ದಿನ ಭೇದಿ. ಕಾಲು ಊದಿಕೊಂಡಿತು, ಮೂತ್ರ ಕಮ್ಮಿಯಾಯಿತು. ರಕ್ತ ಪರೀಕ್ಷೆ ಮಾಡಿಸಿದಾಗ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ 2.4 ಇತ್ತು. ನನ್ನಂಥ ಹೆಂಗಸಿಗೆ ಅದು ಒಂದರ ಆಸುಪಾಸಿನಲ್ಲಿ ಇರಬೇಕು.

"ಏನೇನು ಮಾತ್ರೆ ತಗೋತಿದ್ದೀರಮ್ಮಾ?" ಎಂದು ವಾರ್ಡಿನ ಡಾಕ್ಟರು ಕೇಳಿದರು. ನನಗೆ ಬಣ್ಣ ಮಾತ್ರ ಗೊತ್ತಿತ್ತು. ಹೆಸರು ಒಂದೂ ಗೊತ್ತಿರಲಿಲ್ಲ.

ಕಿಡ್ನಿ ಸರಿಹೋಯಿತು, ಪುಣ್ಯ. ಆದರೆ ಅವತ್ತು ಒಂದು ಮಾತು ಮನಸ್ಸಿಗೆ ಇಳಿಯಿತು. ಪ್ರತಿಯೊಬ್ಬ ಡಾಕ್ಟರೂ ನೋಡುವುದು ತಮ್ಮ ಚೀಟಿಯನ್ನು. ಎಲ್ಲಾ ಚೀಟಿಗಳೂ ಒಟ್ಟಿಗೆ ಸೇರುವುದು ನಮ್ಮ ಮನೆಯಲ್ಲಿ, ನಮ್ಮ ಹೊಟ್ಟೆಯಲ್ಲಿ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ತಂದು ತೋರಿಸುವ ಕೆಲಸ ನಮ್ಮದೇ.

ನಾನು ಡಾಕ್ಟರಲ್ಲ. ಇದನ್ನು ಓದಿ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ, ನೀವೇ ಶುರು ಮಾಡಬೇಡಿ. ಏನು ಕೇಳಬೇಕು ಎಂದು ತಿಳಿದುಕೊಂಡು ಹೋಗಿ ಕೇಳಿ.

ಹೆಜ್ಜೆ 1: ಮೊರದಲ್ಲಿ ಬೇರೆ ಮಾಡಿ

ಮೂರು ಗುಡ್ಡೆ ಮಾಡಿ. ದಿನಾ ತೆಗೆದುಕೊಳ್ಳುವುದು ಒಂದು. ನೋವು ಬಂದಾಗ ಮಾತ್ರ ತೆಗೆದುಕೊಳ್ಳುವುದು ಇನ್ನೊಂದು. ಈಗ ಬಳಸದೆ ಸುಮ್ನೆ ಉಳಿದಿರುವುದು ಮೂರನೆಯದು.

ಮಾತ್ರೆ ಮಾತ್ರ ಔಷಧಿ ಅಂದುಕೊಳ್ಳಬೇಡಿ. ಮಂಡಿಗೆ ಹಚ್ಚುವ ಜೆಲ್, ಕೆಮ್ಮಿನ ಸಿರಪ್, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ವಾರಕ್ಕೊಮ್ಮೆಯ ವಿಟಮಿನ್ ಡಿ, ಆಯುರ್ವೇದದ ಲೇಹ್ಯ, ಸಂಬಂಧಿಕರು ಕೊಟ್ಟ ಪುಡಿ, ಎಲ್ಲವೂ ಮೊರಕ್ಕೆ ಬರಬೇಕು.

ಮೆಡಿಕಲ್‌ನಲ್ಲಿ ಕತ್ತರಿಸಿ ಕೊಟ್ಟ ನಾಲ್ಕೈದು ಮಾತ್ರೆಯ ತುಂಡುಗಳು ಸಿಗುತ್ತವೆ. ಅದರ ಮೇಲೆ ಹೆಸರೂ ಇರುವುದಿಲ್ಲ, ಎಕ್ಸ್‌ಪೈರಿ ತಾರೀಖೂ ಇರುವುದಿಲ್ಲ. ಅಂಥದ್ದನ್ನು ಮೂರನೇ ಗುಡ್ಡೆಗೆ ಹಾಕಿ. ಇನ್ನು ಮುಂದೆ ಕಮ್ಮಿ ಮಾತ್ರೆ ಕೊಳ್ಳುವಾಗ ಹೆಸರು ಇರುವ ತುಂಡನ್ನೇ ಕೇಳಿ ಪಡೆಯಿರಿ, ಅಥವಾ ಅಲ್ಲೇ ಫೋನಿನಲ್ಲಿ ಪೂರ್ತಿ ಶೀಟಿನ ಫೋಟೋ ತೆಗೆದುಕೊಳ್ಳಿ. ಮೂರನೇ ಗುಡ್ಡೆಯ ಮಾತ್ರೆಗಳನ್ನು ಪಕ್ಕದ ಮನೆಯವರಿಗೆ ಮಾತ್ರ ಕೊಡಬೇಡಿ. ನಿಮ್ಮ ಸೊಂಟನೋವಿಗೆ ಆದದ್ದು ಅವರ ಕಿಡ್ನಿಗೆ ಆಗದೇ ಇರಬಹುದು.

ಹೆಜ್ಜೆ 2: ಸಣ್ಣ ಅಕ್ಷರ ಓದಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಮಾಡಿ.

ಶೀಟಿನ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರ ಸಣ್ಣ ಅಕ್ಷರದಲ್ಲಿ ಇರುವುದೇ ನಿಜವಾದ ಔಷಧಿಯ ಹೆಸರು, ಪಕ್ಕದಲ್ಲಿ ಮಿಲಿಗ್ರಾಂ. ಕಣ್ಣಿಗೆ ಕಾಣದಿದ್ದರೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಅಥವಾ ಮನೆಯ ಮಕ್ಕಳ ಕೈಲಿ ಓದಿಸಿ. ದಪ್ಪ ಹೆಸರು ಬೇರೆ ಬೇರೆ ಇದ್ದರೂ ಸಣ್ಣ ಹೆಸರು ಒಂದೇ ಇರಬಹುದು. ಜನೌಷಧಿ ಕೇಂದ್ರದಿಂದ ತಂದದ್ದು ಒಂದು, ಡಾಕ್ಟರು ಬರೆದ ಕಂಪನಿಯದು ಇನ್ನೊಂದು, ಎರಡೂ ಒಂದೇ ಔಷಧಿ ಎಂದು ತಿಳಿಯದೆ ಎರಡನ್ನೂ ನುಂಗುತ್ತಿರುವವರನ್ನು ನಾನು ಕಂಡಿದ್ದೇನೆ. ಜನೌಷಧಿ ಮಾತ್ರೆಯಲ್ಲಿ ತಪ್ಪೇನಿಲ್ಲ, ನಾನೂ ತೆಗೆದುಕೊಳ್ಳುತ್ತೇನೆ. ಒಂದು ತಂದರೆ ಇನ್ನೊಂದನ್ನು ತೆಗೆದಿಡಬೇಕು, ಅಷ್ಟೇ.

ಮೊದಲು ಹುಡುಕಬೇಕಾದ ಹೆಸರು ಪ್ಯಾರಸಿಟಮಾಲ್. ಅದು ಎಲ್ಲೆಲ್ಲೋ ಅಡಗಿ ಕೂತಿರುತ್ತದೆ. ಒಂದು ಲೆಕ್ಕ ನೋಡಿ. ಕೀಲುನೋವಿಗೆ ಅಸಿಕ್ಲೋಫೆನಾಕ್ ಜೊತೆ ಪ್ಯಾರಸಿಟಮಾಲ್ 325 ಸೇರಿರುವ ಮಾತ್ರೆ ದಿನಕ್ಕೆ ಎರಡು, ಅಲ್ಲಿಗೆ 650 ಮಿಲಿಗ್ರಾಂ. ಟ್ರಮಡಾಲ್ ಜೊತೆ ಪ್ಯಾರಸಿಟಮಾಲ್ 325 ಇರುವುದು ಎರಡು, ಇನ್ನೊಂದು 650. ಮೈ ಬೆಚ್ಚಗಿದೆ ಎಂದು ಡೋಲೋ 650 ಮೂರು ಹೊತ್ತು, 1950. ಈಗಲೇ 3250 ಆಯಿತು. ನೆಗಡಿ ಮಾತ್ರೆಯಲ್ಲೂ 500 ಇದ್ದು, ಅದನ್ನು ಎರಡು ಸಲ ತೆಗೆದುಕೊಂಡರೆ 4250. ಆರೋಗ್ಯವಾಗಿರುವ ದೊಡ್ಡವರಿಗೂ ಒಂದು ದಿನಕ್ಕೆ 4000 ದಾಟಬಾರದು. ದಾಟಿದರೆ ಲಿವರ್‌ಗೆ ಪೆಟ್ಟು. ವಯಸ್ಸಾದವರಿಗೆ, ತೂಕ ತೀರಾ ಕಮ್ಮಿ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ ಮಿತಿ ಇನ್ನೂ ಕಮ್ಮಿ. ನಿಮ್ಮ ಮಿತಿ ಎಷ್ಟು ಎಂದು ಡಾಕ್ಟರನ್ನು ಕೇಳಿ ಚೀಟಿಯ ಮೇಲೇ ಬರೆಸಿಕೊಳ್ಳಿ.

ಎರಡನೆಯದು ನೋವು, ಊತ ಇಳಿಸುವ ಮಾತ್ರೆಗಳ ಗುಂಪು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಎಟೋರಿಕಾಕ್ಸಿಬ್. ಹೆಸರು ಬೇರೆ, ಮನೆತನ ಒಂದೇ. ಈ ಗುಂಪಿನ ಎರಡನ್ನು ಒಟ್ಟಿಗೆ ತೆಗೆದುಕೊಂಡರೆ ನೋವು ಎರಡರಷ್ಟು ಇಳಿಯುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಬಿಪಿ ಏರಬಹುದು, ಕಿಡ್ನಿ ಸೋಲಬಹುದು. ನನಗೆ ಆದದ್ದು ಇದೇ. ಜೊತೆಗೆ ಗ್ಯಾಸ್ ಮಾತ್ರೆ ನುಂಗಿದ್ದೇನಲ್ಲಾ ಎಂದು ಧೈರ್ಯ ಮಾಡಬೇಡಿ. ಪ್ಯಾಂಟೊಪ್ರಜೋಲ್ ಹೊಟ್ಟೆಯನ್ನು ಕಾಯುತ್ತದೆ, ಕಿಡ್ನಿಯನ್ನು ಕಾಯುವುದಿಲ್ಲ.

ಹೆಜ್ಜೆ 3: ಒಂದೇ ಹಾಳೆ

ಈಗ ಬರೆಯಿರಿ. ಔಷಧಿಯ ಸಣ್ಣ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾತಕ್ಕೆ, ಯಾವ ಡಾಕ್ಟರು ಬರೆದದ್ದು, ಯಾವಾಗಿನಿಂದ. ಹಾಳೆಯ ತಲೆಯ ಮೇಲೆ ನಿಮಗೆ ಆಗದ ಔಷಧಿ ಇದ್ದರೆ ಕೆಂಪು ಪೆನ್ನಿನಲ್ಲಿ ಬರೆಯಿರಿ. ಕೊನೆಯ ಕ್ರಿಯಾಟಿನಿನ್ ಎಷ್ಟು, ಯಾವ ತಾರೀಖು ಎಂದೂ ಇರಲಿ.

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎಸ್‌ಓಎಸ್ ಎಂದಿದ್ದರೆ ಬೇಕಾದಾಗ ಮಾತ್ರ. ಎಷ್ಟೋ ಜನ ಎಸ್‌ಓಎಸ್ ಮಾತ್ರೆಯನ್ನು ದಿನಾ ನುಂಗುತ್ತಿರುತ್ತಾರೆ. ದಿನಕ್ಕೆ ಹೆಚ್ಚೆಂದರೆ ಎಷ್ಟು, ಎರಡರ ನಡುವೆ ಎಷ್ಟು ಗಂಟೆ ಬಿಡಬೇಕು ಎಂದು ಕೇಳದೆ ಎಸ್‌ಓಎಸ್ ಮಾತ್ರೆ ಮನೆಗೆ ತರಬೇಡಿ.

ಹೆಜ್ಜೆ 4: ಒಂದಕ್ಕೊಂದು ಆಗದ ಜೋಡಿ ಹುಡುಕಿ

ಹಾಳೆ ಮುಂದಿಟ್ಟುಕೊಂಡು ಈ ಕೆಲವು ಜೋಡಿ ಇವೆಯಾ ನೋಡಿ. ಇದ್ದ ಮಾತ್ರಕ್ಕೆ ಡಾಕ್ಟರು ತಪ್ಪು ಮಾಡಿದ್ದಾರೆ ಅಂತಲ್ಲ. ಕೆಲವು ಜೋಡಿಗಳನ್ನು ಗೊತ್ತಿದ್ದೇ ಕೊಟ್ಟು ಗಮನ ಇಟ್ಟಿರುತ್ತಾರೆ. ಅವರಿಗೆ ಗೊತ್ತಿದೆಯಾ ಎಂದು ಖಾತ್ರಿ ಮಾಡಿಕೊಳ್ಳಬೇಕಾದದ್ದು ನಾವು.

ಡೈಕ್ಲೋಫೆನಾಕ್ ಗುಂಪಿನ ನೋವಿನ ಮಾತ್ರೆ, ಜೊತೆಗೆ ಟೆಲ್ಮಿಸಾರ್ಟನ್ ಅಥವಾ ಲೊಸಾರ್ಟನ್‌ನಂಥ ಬಿಪಿ ಮಾತ್ರೆ, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ. ಈ ಮೂರೂ ಸೇರಿದರೆ ಕಿಡ್ನಿಗೆ ಕಷ್ಟ. ಮೂರನೆಯದು ಬಿಪಿ ಮಾತ್ರೆಯೊಳಗೇ ಹೈಡ್ರೋಕ್ಲೋರೋಥಯಜೈಡ್ ಎಂಬ ಹೆಸರಿನಲ್ಲಿ ಸೇರಿಕೊಂಡಿರಬಹುದು. ವಾಂತಿ ಭೇದಿ ಆದಾಗ, ಬಿಸಿಲಿನಲ್ಲಿ ನೀರು ಕುಡಿಯದೆ ದುಡಿದಾಗ ಅಪಾಯ ಇನ್ನೂ ಜಾಸ್ತಿ. ನಮ್ಮ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಸೊಂಟನೋವಿಗೆ ಅಂಗಡಿಯಲ್ಲೇ ಎರಡು ಮಾತ್ರೆ ಕೇಳಿ ನುಂಗಿ ಗದ್ದೆಗೆ ಇಳಿಯುವವರನ್ನು ನೋಡಿದಾಗೆಲ್ಲಾ ನನಗೆ ಸಂಕಟವಾಗುತ್ತದೆ. ಭೇದಿ, ಜ್ವರ ಬಂದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಮುಂದುವರಿಸಬೇಕು ಎಂದು ಚೆನ್ನಾಗಿರುವಾಗಲೇ ಡಾಕ್ಟರನ್ನು ಕೇಳಿ ಹಾಳೆಯಲ್ಲಿ ಬರೆದುಕೊಳ್ಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರೂ ಇದನ್ನು ಕೇಳಲೇಬೇಕು.

ಅದೇ ಗುಂಪಿನ ನೋವಿನ ಮಾತ್ರೆ, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ. ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ಮುಟ್ಟಬೇಡಿ.

ನಿದ್ದೆ ತರಿಸುವ ಔಷಧಿಗಳ ರಾಶಿ. ನರದ ನೋವಿಗೆ ಪ್ರೀಗ್ಯಾಬಲಿನ್ ಅಥವಾ ಗ್ಯಾಬಪೆಂಟಿನ್, ನೋವು ಜಾಸ್ತಿಯಾದಾಗ ಟ್ರಮಡಾಲ್, ರಾತ್ರಿಗೆ ಅಮಿಟ್ರಿಪ್ಟಿಲಿನ್, ನಿದ್ದೆಗೆ ಕ್ಲೋನಜೆಪಾಮ್, ಅದರ ಮೇಲೆ ನೆಗಡಿಗೆ ಸೆಟ್ರಿಜಿನ್. ಒಂದೊಂದೂ ಸ್ವಲ್ಪ ಸ್ವಲ್ಪ ಮಂಪರು ತರುತ್ತದೆ. ಎಲ್ಲಾ ಸೇರಿದರೆ ರಾತ್ರಿ ಬಾತ್‌ರೂಮಿಗೆ ಏಳುವಾಗ ತಲೆ ತಿರುಗಿ ಬೀಳುವುದು, ಸೊಂಟದ ಮೂಳೆ ಮುರಿಯುವುದು. ಟ್ರಮಡಾಲ್ ಜೊತೆ ನಿದ್ದೆ ಮಾತ್ರೆ ಅಥವಾ ಪ್ರೀಗ್ಯಾಬಲಿನ್ ಸೇರಿದಾಗ ಉಸಿರಾಟವೇ ನಿಧಾನವಾಗಬಹುದು. ಅದಕ್ಕೆ ಮದ್ಯ ಸೇರಿದರೆ ಜೀವಕ್ಕೇ ಅಪಾಯ. ಹೊಸದಾಗಿ ಶುರು ಮಾಡಿದ ದಿನಗಳಲ್ಲಿ ಸ್ಕೂಟರ್ ಮುಟ್ಟಬೇಡಿ. ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್ ಡೋಸನ್ನು ಕಿಡ್ನಿ ನೋಡಿ ನಿರ್ಧರಿಸುತ್ತಾರೆ, ಅದಕ್ಕೇ ಹಾಳೆಯಲ್ಲಿ ಕ್ರಿಯಾಟಿನಿನ್ ಇರಬೇಕು ಎಂದದ್ದು.

ಟ್ರಮಡಾಲ್ ಜೊತೆ ಮನಸ್ಸಿನ ಬೇಸರ, ಆತಂಕಕ್ಕೆ ಕೊಡುವ ಮಾತ್ರೆ. ಎಸಿಟಲೋಪ್ರಾಮ್, ಸರ್ಟ್ರಲಿನ್, ಡುಲೊಕ್ಸೆಟಿನ್ ಇಂಥವು. ವರ್ಷಗಟ್ಟಲೆ ನೋವು ಇರುವವರಿಗೆ ಬೇಸರವೂ ಬರುತ್ತದೆ, ಅದಕ್ಕೆ ಮಾತ್ರೆ ತೆಗೆದುಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ನಾಚಿಕೆಪಟ್ಟು ಅದನ್ನು ನೋವಿನ ಡಾಕ್ಟರಿಗೆ ಹೇಳದೆ ಇರುವುದು ಅಪಾಯ. ಇವು ಟ್ರಮಡಾಲ್ ಜೊತೆ ಸೇರಿ ನಡುಕ, ಬೆವರು, ಗಾಬರಿ, ಜ್ವರ, ಫಿಟ್ಸ್ ತನಕ ಹೋಗಬಹುದು.

ಸ್ನಾಯು ಸಡಿಲಿಸಲು ಟಿಜಾನಿಡಿನ್ ತೆಗೆದುಕೊಳ್ಳುವವರು ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ತೆಗೆದುಕೊಳ್ಳಬಾರದು. ಬಿಪಿ ಒಮ್ಮೆಲೇ ಇಳಿದುಹೋಗುತ್ತದೆ. ಮೂತ್ರದ ಉರಿಗೆಂದು ಅದನ್ನು ಬರೆದುಕೊಡುವುದು ಉಂಟು, ಹಾಳೆ ತೋರಿಸಿ.

ಇನ್ನು ಆ ಪುಡಿಯ ಮಾತು. ಮಂಡಿನೋವಿಗೆ ಊರೂರಲ್ಲಿ ಪುಡಿ, ಹೆಸರಿಲ್ಲದ ಗುಳಿಗೆ ಕೊಡುವವರಿದ್ದಾರೆ. ಎರಡೇ ದಿನದಲ್ಲಿ ನೋವು ಮಂಗಮಾಯ ಆದರೆ ಅನುಮಾನಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಮುಖ ಗುಂಡಗೆ ಊದುವುದು, ಶುಗರ್ ಏರುವುದು ಅದರ ಗುರುತು. ತುಂಬಾ ದಿನ ತೆಗೆದುಕೊಂಡಿದ್ದರೆ ದಿಢೀರ್ ನಿಲ್ಲಿಸುವುದೂ ಅಪಾಯ. ಪುಡಿಯ ಪೊಟ್ಟಣವನ್ನೇ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ. ಬೈಯುತ್ತಾರೇನೋ ಎಂದು ಹೆದರಿ ಮುಚ್ಚಿಡಬೇಡಿ.

ಹೆಜ್ಜೆ 5: ಹೊತ್ತು ಗೊತ್ತು ಮಾಡಿ

ಗಡಿಯಾರಕ್ಕಿಂತ ಮನೆಯ ಕೆಲಸಕ್ಕೆ ಮಾತ್ರೆ ಕಟ್ಟಿಹಾಕುವುದು ಸುಲಭ. ನನ್ನ ಥೈರಾಯ್ಡ್ ಮಾತ್ರೆ ಎದ್ದ ತಕ್ಷಣ, ಬರೀ ನೀರಿನಲ್ಲಿ. ಆಮೇಲೆ ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿರುತ್ತದೆ, ಆಗ ಕಾಫಿ. ಗ್ಯಾಸ್ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮುಂಚೆ. ನೋವಿನ ಮಾತ್ರೆ ತಿಂಡಿ ಆದ ಮೇಲೆ, ಖಾಲಿ ಹೊಟ್ಟೆಯಲ್ಲಿ ಎಂದೂ ಇಲ್ಲ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ನಿದ್ದೆ ಬರುವ ನರದ ಮಾತ್ರೆ ರಾತ್ರಿ ಊಟ ಆಗಿ ಪಾತ್ರೆ ತೊಳೆದಿಟ್ಟ ಮೇಲೆ. ಇದು ನನ್ನ ಡಾಕ್ಟರು ಹಾಕಿಕೊಟ್ಟ ಕ್ರಮ, ನಿಮ್ಮದನ್ನು ನಿಮ್ಮ ಡಾಕ್ಟರ ಕೈಲಿ ಹಾಕಿಸಿಕೊಳ್ಳಿ.

ವಾರದ ಏಳು ಮನೆ ಇರುವ ಮಾತ್ರೆ ಡಬ್ಬಿ ಮೆಡಿಕಲ್‌ಗಳಲ್ಲಿ ಸಿಗುತ್ತದೆ. ಭಾನುವಾರ ಸಂಜೆ ಕೂತು ತುಂಬಿ. ನಾನು ನುಂಗಿದೆನಾ ಇಲ್ಲವಾ ಎಂಬ ಅನುಮಾನವೇ ಉಳಿಯುವುದಿಲ್ಲ. ಡಬ್ಬಿಯನ್ನು ಒಲೆಯ ಹತ್ತಿರ, ಬಚ್ಚಲಲ್ಲಿ ಇಡಬೇಡಿ. ಮರೆತರೆ, ನೆನಪಾದ ತಕ್ಷಣ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡು ಸೇರಿಸಿ ನುಂಗಬೇಡಿ. ಎಸ್‌ಆರ್, ಇಆರ್ ಎಂದು ಬರೆದಿರುವ ಮಾತ್ರೆ ಔಷಧಿಯನ್ನು ನಿಧಾನವಾಗಿ ಬಿಡುವಂಥದ್ದು, ಅದನ್ನು ಕೇಳದೆ ಮುರಿಯಬೇಡಿ, ಪುಡಿ ಮಾಡಬೇಡಿ.

ಮೆಥೊಟ್ರೆಕ್ಸೇಟ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನನ್ನಂಥ ಕೀಲುವಾತದವರಿಗೆ ಇದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ತೆಗೆದುಕೊಂಡು ಪ್ರಾಣ ಕಳೆದುಕೊಂಡವರಿದ್ದಾರೆ. ನನ್ನದು ಗುರುವಾರ. ಡಬ್ಬಿಯ ಮೇಲೆ, ಹಾಳೆಯ ಮೇಲೆ, ಕ್ಯಾಲೆಂಡರಿನಲ್ಲಿ ಮೂರೂ ಕಡೆ "ಗುರುವಾರ ಮಾತ್ರ" ಎಂದು ಬರೆದಿದ್ದೇನೆ. ಬಾಯಿ ಹುಣ್ಣು, ಜ್ವರ, ಒಣ ಕೆಮ್ಮು, ಉಬ್ಬಸ ಬಂದರೆ ಮುಂದಿನ ಗುರುವಾರಕ್ಕೆ ಕಾಯದೆ ಡಾಕ್ಟರಿಗೆ ಫೋನ್ ಮಾಡಬೇಕು. ಕೋಟ್ರಿಮೊಕ್ಸಜೋಲ್ ಎಂಬ ಆಂಟಿಬಯೋಟಿಕ್ ಇದರ ಜೊತೆ ಆಗುವುದಿಲ್ಲ.

ಹೆಜ್ಜೆ 6: ಒಂದೇ ಮೆಡಿಕಲ್, ಒಂದೇ ಮುಖ

ಅಲ್ಲಿ ಹತ್ತು ರೂಪಾಯಿ ಕಮ್ಮಿ, ಇಲ್ಲಿ ಹತ್ತಿರ ಎಂದು ನಾಲ್ಕು ಅಂಗಡಿ ತಿರುಗುವುದಕ್ಕಿಂತ ಒಂದೇ ಕಡೆ ತೆಗೆದುಕೊಳ್ಳಿ. ನಮ್ಮ ಮೆಡಿಕಲ್‌ನ ಹುಡುಗ ಒಮ್ಮೆ, "ಅಕ್ಕಾ, ಇದರಲ್ಲೂ ಡೈಕ್ಲೋಫೆನಾಕ್ ಇದೆ. ನೀವು ಆಗಲೇ ಇನ್ನೊಂದು ತಗೋತಿದ್ದೀರಲ್ವಾ? ಡಾಕ್ಟರನ್ನ ಒಂದ್ಸಲ ಕೇಳ್ಕೊಂಡು ಬನ್ನಿ" ಎಂದು ವಾಪಸ್ ಕಳಿಸಿದ್ದ. ನನ್ನ ಹಾಳೆ ನೋಡಿದ್ದರಿಂದ ಅವನಿಗೆ ಅದು ಹೊಳೆಯಿತು.

ಶೀಟಿನ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ. ಟ್ರಮಡಾಲ್ 2018ರಿಂದ ಮಾದಕ ವಸ್ತುಗಳ ಕಾನೂನಿನ ಕೆಳಗೂ ಬಂದಿದೆ. ಅದಕ್ಕೆ ಅಂಗಡಿಯವರು ಹೊಸ ಚೀಟಿ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಮೈಸೂರಿನ ಕಡೆಯವರಿಗೆ ಒಂದು ಅನುಕೂಲ ಇದೆ. ರೋಗಿಯ ಮಾತ್ರೆಗಳನ್ನೆಲ್ಲಾ ಒಟ್ಟಿಗೆ ನೋಡಿ ಹೊಂದುತ್ತದೋ ಇಲ್ಲವೋ ಹೇಳುವ ಕ್ಲಿನಿಕಲ್ ಫಾರ್ಮಸಿಯನ್ನು ನಮ್ಮ ದೇಶದಲ್ಲಿ ಮೊದಮೊದಲು ಕಲಿಸಲು ಶುರು ಮಾಡಿದ ಕಾಲೇಜುಗಳಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜೂ ಒಂದು. ನೀವು ಹೋಗುವ ಆಸ್ಪತ್ರೆಯಲ್ಲಿ ಇಂಥ ಫಾರ್ಮಸಿಸ್ಟ್ ಇದ್ದಾರಾ ಎಂದು ಕೇಳಿ, ಇದ್ದರೆ ಹಾಳೆ ತೋರಿಸಿ. ಔಷಧಿಯಿಂದ ತೊಂದರೆ ಆದರೆ ಅದನ್ನು ದಾಖಲಿಸಲು 1800-180-3024 ಎಂಬ ಉಚಿತ ನಂಬರ್ ಇದೆ. ರೋಗಿಯೇ ನೇರವಾಗಿ ಹೇಳಬಹುದು.

ಹೆಜ್ಜೆ 7: ನಿಲ್ಲಿಸುವುದೂ ನಿಧಾನ

ನೋವು ಕಮ್ಮಿಯಾದ ದಿನ ಎಲ್ಲಾ ಎಸೆದುಬಿಡೋಣ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿದೆ. ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್, ಡುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್, ಟ್ರಮಡಾಲ್, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಇವನ್ನು ಒಮ್ಮೆಲೇ ನಿಲ್ಲಿಸಬಾರದು. ಹಂತ ಹಂತವಾಗಿ ಇಳಿಸಬೇಕು. ಮಾತ್ರೆ ಮುಗಿಯಲು ಐದು ದಿನ ಇರುವಾಗಲೇ ಹೊಸದು ತನ್ನಿ. ಹಬ್ಬಕ್ಕೆ ತವರಿಗೆ ಹೊರಟರೆ ಡಬ್ಬಿ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿ ಇರಲಿ.

ಹೆಜ್ಜೆ 8: ಕಾಯಬಾರದ ಲಕ್ಷಣಗಳು

ಡಾಂಬರಿನಂಥ ಕಪ್ಪು, ಅಂಟಂಟು ಮಲ. ರಕ್ತ ವಾಂತಿ. ಮೂತ್ರ ತೀರಾ ಕಮ್ಮಿಯಾಗಿ ಕಾಲು, ಮುಖ ಊದುವುದು. ಕಣ್ಣು ಹಳದಿಯಾಗುವುದು. ಮೈಮೇಲೆ ಗುಳ್ಳೆ ಎದ್ದು ಚರ್ಮ ಸುಲಿಯುವುದು. ತುಟಿ, ನಾಲಿಗೆ ಊದಿ ಉಸಿರು ಕಟ್ಟುವುದು. ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್. ಸೊಂಟನೋವಿನವರಿಗೆ ತೊಡೆಸಂದು ಮರಗಟ್ಟಿ ಮೂತ್ರ ತಡೆಯಲು ಆಗದಿರುವುದು. ಇವುಗಳಲ್ಲಿ ಯಾವುದು ಬಂದರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಮಂಡ್ಯದವರು ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ, ಮೈಸೂರಿನವರು ದೊಡ್ಡಾಸ್ಪತ್ರೆಗೆ ಅಥವಾ ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ. ಮೊರದಲ್ಲಿದ್ದ ಮಾತ್ರೆಗಳನ್ನೆಲ್ಲಾ ಒಂದು ಕವರಿಗೆ ಹಾಕಿಕೊಂಡು ಹೋಗಿ.

ಹೆಜ್ಜೆ 9: ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ

ನೋವಿಗೆ ಹತ್ತರಲ್ಲಿ ಎಷ್ಟು ನಂಬರ್ ಎಂದು ಡಾಕ್ಟರು ಕೇಳುತ್ತಾರೆ. ನಂಬರಿಗಿಂತ ಕೆಲಸ ಹೇಳಿದರೆ ಅವರಿಗೆ ಬೇಗ ಅರ್ಥವಾಗುತ್ತದೆ. ನಾನು ದಿನಾ ಕ್ಯಾಲೆಂಡರಿನಲ್ಲಿ ಒಂದೇ ಗುರುತು ಹಾಕುತ್ತೇನೆ: ಇವತ್ತು ಮುದ್ದೆ ತಿರುವಲು ಕೈ ಬಂತಾ, ಇಲ್ಲವಾ. ತಿಂಗಳಲ್ಲಿ ಇಪ್ಪತ್ತು ದಿನ ಆಯಿತು ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ. ಐದೇ ದಿನ ಎಂದರೆ ಆ ಮಾತ್ರೆ ಯಾಕೆ ನುಂಗಬೇಕು ಎಂದು ಕೇಳುವ ಹಕ್ಕು ನನಗಿದೆ.

ಕೇಳಬೇಕಾದ ಮೂರು ಪ್ರಶ್ನೆ ಹಾಳೆಯ ಹಿಂದೆ ಬರೆದಿಟ್ಟುಕೊಳ್ಳಿ. ಇವುಗಳಲ್ಲಿ ಯಾವುದನ್ನು ಬಿಡಬಹುದು? ಹೊಸದು ಯಾವುದರ ಬದಲು, ಇಲ್ಲಾ ಎಲ್ಲದರ ಜೊತೆಗಾ? ಮುಂದಿನ ಸಲ ಬರುವ ಮುಂಚೆ ಕಿಡ್ನಿ, ಲಿವರ್ ಪರೀಕ್ಷೆ ಬೇಕಾ? ಸಾಲು ಉದ್ದ ಇದೆ, ಡಾಕ್ಟರಿಗೆ ಸಮಯವಿಲ್ಲ ಎಂದು ಸಂಕೋಚಪಡಬೇಡಿ. ಬರೆದ ಹಾಳೆ ಮುಂದಿಟ್ಟರೆ ಉತ್ತರಕ್ಕೆ ಎರಡು ನಿಮಿಷ ಸಾಕು.

ಹೊಸ ಚೀಟಿ ಬಂದ ದಿನವೇ ಹಳೇ ಹಾಳೆ ಹರಿದು ಹೊಸದು ಬರೆಯಿರಿ. ಮೇಲ್ಗಡೆ ತಾರೀಖು ಹಾಕಿ. ಒಂದು ಪ್ರತಿ ಫ್ರಿಜ್ ಬಾಗಿಲಿಗೆ, ಒಂದು ಪರ್ಸಿನೊಳಗೆ, ಒಂದರ ಫೋಟೋ ಮಕ್ಕಳ ಫೋನಿಗೆ. ನಮ್ಮ ಮನೆಯ ಹಾಳೆ ಈಗ ಹದಿನಾರನೆಯದು. ಮೊದಲ ಹಾಳೆಯಲ್ಲಿ ಹನ್ನೊಂದು ಔಷಧಿ ಇತ್ತು, ಇದರಲ್ಲಿ ಏಳಿದೆ.